ಕವಳದ ಬಟ್ಟಲು ಮತ್ತು ಇನ್ನೂರಾರು ಮೂಳೆಗಳು

ನನ್ನ ಚಿಕ್ಕಮ್ಮ ಕವಳದ ಬಟ್ಟಲು ಹಿಡಿದು ನಗುನಗುತ್ತಾ ನಿಮ್ಮ ಹತ್ತಿರ ಬಂದರೆ, ದಯವಿಟ್ಟು ಎದ್ದು ಓಡಿ! ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ. ಚಪ್ಪಲಿಯನ್ನು ಆಮೇಲೆ ನಾನೇ ನಿಮ್ಮ ಮನೆಗೆ ತಲುಪಿಸುತ್ತೇನೆ. ಹೀಗೆ ತಲುಪಿಸಿದ ಚಪ್ಪಲಿಗಳು ಈಗಾಗಲೇ ಮೂರು ಜೊತೆ ಆಗಿವೆ.

ವಿಷಯ ಏನೆಂದರೆ, ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕುಡಿಯಲು ನೀರು, ಆಮೇಲೆ ಚಹ, ಅದರ ಬೆನ್ನಿಗೇ ಕವಳ. ವೀಳ್ಯದೆಲೆಗೆ ಸುಣ್ಣ ಬಳಿದು, ಅಡಿಕೆ ಹೋಳು ಸೇರಿಸಿ, ಬೇಕಾದವರು ಚೂರು ತಂಬಾಕನ್ನೂ ಇಟ್ಟು ಬಾಯಿಗೆ ಹಾಕಿಕೊಂಡರೆ ಆ ಮನುಷ್ಯ ಅರ್ಧ ಗಂಟೆ ಮಾತಿಗೆ ಸಿಗುವುದಿಲ್ಲ. ಏನು ಕೇಳಿದರೂ 'ಊಂ' ಅಥವಾ 'ಉಹುಂ'. ಎರಡೇ ಉತ್ತರ. ಈ ಅಮೂಲ್ಯವಾದ ಅರ್ಧ ಗಂಟೆಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಸುಮ್ಮನೆ ಹಾಳು ಮಾಡಿಕೊಂಡು ಬಂದಿದ್ದರು. ಅದರಿಂದ ವಿದ್ಯಾಭ್ಯಾಸ ಮಾಡಬಹುದು ಎಂದು ಕಂಡುಹಿಡಿದವಳು ನನ್ನ ಚಿಕ್ಕಮ್ಮ.

ಇರಿ, ಮೊದಲು ಈ ಮಹಾತಾಯಿಯ ಪರಿಚಯ ಹೇಳಿಬಿಡುತ್ತೇನೆ. ನನ್ನ ಅಮ್ಮನ ಕೊನೆಯ ತಂಗಿ. ಊರು ಸಿದ್ದಾಪುರ ತಾಲ್ಲೂಕಿನ ನಿಲ್ಕುಂದ. ವಯಸ್ಸು ನಲವತ್ತಾರು. ಯಾವ ಕಾಲದಲ್ಲೋ ಪಿಯುಸಿ ಸೈನ್ಸ್ ಪಾಸು ಮಾಡಿದ್ದಳು. ಮದುವೆಯಾಗಿ ಹೋದ ಕೇರಿಯಲ್ಲಿ ಸೈನ್ಸ್ ಓದಿದ ಇನ್ನೊಂದು ಪ್ರಾಣಿ ಇರಲಿಲ್ಲ. ಹೀಗಾಗಿ ಆಸ್ಪತ್ರೆಗೆ ಹೋಗಿಬಂದ ಪ್ರತಿಯೊಬ್ಬರೂ ಮಾತ್ರೆ ತುಂಬಿದ ಪ್ಲಾಸ್ಟಿಕ್ ಕೊಟ್ಟೆಯನ್ನು ತಂದು ಇವಳ ಜಗಲಿಯಲ್ಲಿ ಸುರಿಯುತ್ತಿದ್ದರು. ಯಾವುದು ಬೆಳಿಗ್ಗೆ, ಯಾವುದು ರಾತ್ರಿ, ಯಾವುದು ಊಟಕ್ಕೆ ಮುಂಚೆ, ಯಾವುದು ಹಾಲಿನ ಜೊತೆ? ಚಿಕ್ಕಮ್ಮ ಎಲ್ಲವನ್ನೂ ಹೇಳುತ್ತಿದ್ದಳು. ಮಾತ್ರೆಯ ವಿಷಯ ಮಾತ್ರ ಅಲ್ಲ. ಹಸು ಯಾವಾಗ ಕರು ಹಾಕುತ್ತದೆ, ಫೋನಿಗೆ ಸಿಗ್ನಲ್ ಯಾಕೆ ಬರುವುದಿಲ್ಲ, ಗ್ರಹಣದ ದಿನ ಇಡ್ಲಿ ಹಿಟ್ಟು ಏನು ಮಾಡಬೇಕು, ಎಲ್ಲಕ್ಕೂ ಅವಳಲ್ಲಿ ಉತ್ತರವಿತ್ತು. 'ಗೊತ್ತಿಲ್ಲೆ' ಎಂಬ ಶಬ್ದ ಅವಳ ಬಾಯಿಂದ ಬಂದದ್ದನ್ನು ನಮ್ಮ ಇಡೀ ಕುಟುಂಬದಲ್ಲಿ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲದಿದ್ದರೆ ಆ ಕ್ಷಣದಲ್ಲೇ ಗೊತ್ತು ಮಾಡಿಕೊಂಡುಬಿಡುತ್ತಿದ್ದಳು!

ಇಂಥ ಸರ್ವಜ್ಞೆ ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಶಿರಸಿಯ ಹೊರವಲಯದ ಇಸಳೂರಿನ ನಮ್ಮ ಮನೆಯ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಕೈಯಲ್ಲಿ ಒಂದು ಸೂಟ್‌ಕೇಸು, ಬಗಲಲ್ಲಿ ಹಲಸಿನ ಹಪ್ಪಳದ ಕಟ್ಟು.

"ಡಿ ಫಾರ್ಮಾಕ್ಕೆ ಸೇರಿ ಬಂದೆ ಕೂಸೇ. ಆನು ಇನ್ನು ನಿಮ್ಮನೆಲ್ಲೇ ಇರ್ತೆ. ಹಪ್ಪಳ ತಗ, ಬಿಸಿಲಿಗೆ ಹಾಕು" ಎಂದಳು, ಸಂತೆಗೆ ಬಂದೆ ಎನ್ನುವಷ್ಟು ಹಗುರವಾಗಿ.

ನಾನು ನಕ್ಕೆ. ನಗಬಾರದಿತ್ತು. ಚಿಕ್ಕಮ್ಮ ಸೂಟ್‌ಕೇಸನ್ನು ಅಲ್ಲೇ ಇಟ್ಟು ಸೊಂಟಕ್ಕೆ ಕೈ ಕೊಟ್ಟಳು. "ನಿಲ್ಕುಂದದಲ್ಲಿ ಒಂದು ಔಷಧಿ ಅಂಗಡಿ ಆಗವು. ಅಂಗಡಿ ಹಾಕವು ಅಂದ್ರೆ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಬೇಕು ಅಂದ್ರೆ ಓದವು. ಇದ್ರಲ್ಲಿ ನಗ್ಯಾಡದು ಎಂತ ಇದ್ದು? ಒಂದೇ ಒಂದು ಸಲ ಕೂರ್ತೆ ಪರೀಕ್ಷೆಗೆ. ಫೇಲಾದ್ರೆ ಮತ್ತೆ ಪುಸ್ತಕ ಮುಟ್ಟದಿಲ್ಲೆ, ಊರಲ್ಲಿ ಯಾರ ಮಾತ್ರೆಯನ್ನೂ ಮುಟ್ಟದಿಲ್ಲೆ."

ಕೊನೆಯ ಮಾತು ನನಗೆ ಸ್ವಲ್ಪ ವಿಚಿತ್ರ ಅನ್ನಿಸಿತು. ಆದರೆ ಹಪ್ಪಳ ಬಿಸಿಲಿಗೆ ಹಾಕುವ ಗಡಿಬಿಡಿಯಲ್ಲಿ ಕೇಳಲಿಲ್ಲ.

ಕಾಲೇಜಿನ ಮೊದಲ ದಿನವೇ ಒಂದು ಫಜೀತಿ. ಅಂಗರಚನಾಶಾಸ್ತ್ರ ಕಲಿಸುವ ಮೇಷ್ಟ್ರು ಒಳಗೆ ಬಂದರಂತೆ. ಇಪ್ಪತ್ತೇಳು ವರ್ಷದ, ಗಡ್ಡ ಸರಿಯಾಗಿ ಮೂಡದ ಮೇಷ್ಟ್ರು. ಮಕ್ಕಳೆಲ್ಲ ಎದ್ದು ನಿಂತವು. ಮೊದಲ ಬೆಂಚಿನಲ್ಲಿ ಕೂತಿದ್ದ ಚಿಕ್ಕಮ್ಮನನ್ನು ನೋಡಿ ಮೇಷ್ಟ್ರು ತಾವೇ ಅಟೆನ್ಷನ್ನಿಗೆ ನಿಂತುಬಿಟ್ಟರು! ನಮ್ಮ ಜನರಲ್ಲಿ ಇದೊಂದು ಕಷ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲ್ಲೂಕಿನಲ್ಲಿ ಎಲ್ಲಿ ಕಲ್ಲು ಹೊಡೆದರೂ ಅದು ನೆಂಟರಿಗೇ ತಾಗುತ್ತದೆ. ಮೇಷ್ಟ್ರು ನಮ್ಮ ಚಿಕ್ಕಪ್ಪನ ದಾಯಾದಿ ಅಕ್ಕನ ಮಗ. ಇವಳು ಅವರಿಗೆ ಅತ್ತೆ. ಮೊದಲ ಸಲ ಕೂದಲು ತೆಗೆಸುವ ಚೌಲದಲ್ಲಿ ಇವರು ಕೂಗಾಡಿದಾಗ ಬಾಯಿಗೆ ಉಂಡೆ ತುರುಕಿ ಸುಮ್ಮನಾಗಿಸಿದ್ದೇ ಇವಳು.

ಆವತ್ತಿನಿಂದ ತರಗತಿಯಲ್ಲಿ ಎಲ್ಲರಿಗೂ ಅವರು ಸರ್, ಇವಳಿಗೆ ಮಾತ್ರ ಮಾಣಿ, ಅಂದರೆ ಹುಡುಗ. "ಮಾಣೀ, ಪಕ್ಕೆಲುಬು ಕಾಣ್ತಿಲ್ಲೆ, ಸ್ವಲ್ಪ ಆಚೆ ಸರ್ಕ." "ಮಾಣೀ, ಊಟ ಮಾಡ್ಕಂಡು ಬಂದಿದ್ಯ ಇಲ್ಯ? ಧ್ವನಿಯೇ ಹೊರಡ್ತಿಲ್ಲೆ." ತಿಂಗಳೊಪ್ಪತ್ತಿನಲ್ಲಿ ತರಗತಿಯ ಹದಿನೆಂಟು ವರ್ಷದ ಮಕ್ಕಳೆಲ್ಲ ಅವರ ಬೆನ್ನ ಹಿಂದೆ 'ಮಾಣಿ ಸರ್' ಎನ್ನತೊಡಗಿದರು. ಪಾಪ, ಅವರು ಪಾಠದ ನಡುವೆ ಹಾಜರಿ ಕರೆಯುವಾಗ ಇವಳ ಹೆಸರು ಬಂದರೆ ಮಾತ್ರ ತಲೆ ಎತ್ತದೆ, ಮೆಲ್ಲಗೆ, 'ಅತ್ತೆ' ಎನ್ನುತ್ತಿದ್ದರಂತೆ. ಚಿಕ್ಕಮ್ಮ "ಇದ್ದೆ ಮಾಣಿ" ಎನ್ನುತ್ತಿದ್ದಳು.

ಕಾಲೇಜಿನದು ಹೀಗಾದರೆ ಮನೆಯದು ಇನ್ನೊಂದು. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಮಡಿಯಲ್ಲಿ ಬಲು ಗಟ್ಟಿ. ಅಸ್ಥಿಪಂಜರ ನೋಡಿ ಬಂದ ಮೊದಲ ಸಂಜೆ ಅವರು ತುಂಬಿದ ಬಕೆಟ್ಟಿನ ಜೊತೆ ಅಂಗಳದಲ್ಲೇ ನಿಂತಿದ್ದರು.

"ಎಲುಬು ಮುಟ್ಟಿಕ್ಕೆ ಬಂದವು ಹಾಂಗೇ ಒಳಗೆ ಬಪ್ಲಾಗ ತಂಗೀ. ಮಿಂದ್ಕಂಡು ಬಾ."

"ಅಕ್ಕಾ, ಅದು ಪ್ಲಾಸ್ಟಿಕ್ಕು!"

"ಪ್ಲಾಸ್ಟಿಕ್ ಆದ್ರೆ ಎಂತಾತು? ಆಕಾರ ಮನಷರದ್ದೇ ಅಲ್ದ?"

"ನಿಮ್ಮ ಈ ಬಕೆಟ್ಟೂ ಪ್ಲಾಸ್ಟಿಕ್ಕೇ. ಎರಡೂ ಒಂದೇ ಜಾತಿ, ಒಂದೇ ಗೋತ್ರ. ಮತ್ತೆ ಇದ್ರ ನೀರಲ್ಲಿ ಮಿಂದ್ರೆ ಶುದ್ಧ ಹೆಂಗಾಗ್ತು?"

ಅತ್ತೆ ಒಂದು ಕ್ಷಣ ಬಕೆಟ್ಟನ್ನು ನೋಡಿದರು. ಅವರ ಮುಖದಲ್ಲಿ ಗೊಂದಲ ಕಂಡದ್ದು ನಾನು ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಕೊನೆಗೆ ಇಬ್ಬರಿಗೂ ಒಂದು ರಾಜಿಯಾಯಿತು. ಮುಟ್ಟಿದ ಮೂಳೆ ಎಷ್ಟೋ ಅಷ್ಟು ಮೈಲಿಗೆ! ಕೈಬೆರಳ ಮೂಳೆ ಮುಟ್ಟಿದ್ದರೆ ಬರೀ ನೀರು ಚಿಮುಕಿಸಿಕೊಂಡರೆ ಸಾಕು. ತೊಡೆಯೆಲುಬು ಆದರೆ ಕೈಕಾಲು ತೊಳೆಯಬೇಕು. ದಿನಾ ಸಂಜೆ ಬಾಗಿಲಲ್ಲಿ ವಿಚಾರಣೆ ಆಗುತ್ತಿತ್ತು.

"ಇವತ್ತು ಎಂತ ಮುಟ್ದೆ?"

"ಬೆನ್ನೆಲುಬು, ಮೇಲಿಂದ ಕೆಳಗಿನವರೆಗೂ."

"ಹಾಂಗಾದ್ರೆ ತಲೆಗೇ ಮೀಯವು."

ಈ ವಿಚಾರಣೆಯಿಂದ ಆದ ಅನಾಹುತ ಎಂದರೆ, ಆರು ತಿಂಗಳಲ್ಲಿ ನಮ್ಮ ಅತ್ತೆಗೂ ಇನ್ನೂರಾರು ಮೂಳೆಗಳ ಲೆಕ್ಕ ಬಾಯಿಪಾಠ ಆಗಿಬಿಟ್ಟಿತು. ಒಂದು ದಿನ ಪಕ್ಕದ ಮನೆಯವರು "ಮಂಡಿನೋವು ಹೇಗಿದೆ ಅಜ್ಜಿ" ಎಂದು ಕೇಳಿದರೆ, "ಪಟೆಲ್ಲಾ ಸಮ ಇದ್ದು, ಅದರ ಹಿಂದಿಂದು ಸವೆದಿದ್ದು" ಎಂದು ಉತ್ತರ ಕೊಟ್ಟರು. ಪಕ್ಕದ ಮನೆಯವರು ಚಿಕ್ಕಮ್ಮನ ಜೊತೆ ನಿಮ್ಮ ಅಜ್ಜಿಯೂ ಕಾಲೇಜಿಗೆ ಸೇರಿದ್ದಾರಾ ಎಂದು ನನ್ನ ಮಗಳನ್ನು ಗುಟ್ಟಾಗಿ ವಿಚಾರಿಸಿದರಂತೆ.

ಇನ್ನು ಕವಳದ ಕಥೆಗೆ ಬರುತ್ತೇನೆ. ಪುಸ್ತಕದ ಚಿತ್ರ ನೋಡಿ ಓದಿದರೆ ಚಿಕ್ಕಮ್ಮನ ತಲೆಗೆ ಹತ್ತುತ್ತಿರಲಿಲ್ಲ. "ಚಿತ್ರದ ಮನಷಂಗೆ ಉಸಿರೇ ಇಲ್ಲೆ, ಅವನ ಶ್ವಾಸಕೋಶ ಓದಿ ಎಂತ ಮಾಡದು?" ಎಂಬುದು ಅವಳ ವಾದ. ಅವಳಿಗೆ ಬಿಸಿಯಾದ, ಉಸಿರಾಡುವ ಮನುಷ್ಯರೇ ಬೇಕು. ಮನೆಯವರೆಲ್ಲ ವಾರದೊಳಗೆ ತಪ್ಪಿಸಿಕೊಳ್ಳಲು ಕಲಿತೆವು. ಉಳಿದವರು ಯಾರು? ಮನೆಗೆ ಬರುವ ಅತಿಥಿಗಳು!

ನಮ್ಮನೆಯವರು ವಿಮೆ ಏಜೆಂಟರು. ದಿನಕ್ಕೆ ನಾಲ್ಕು ಜನರಾದರೂ ಬಂದು ಹೋಗುತ್ತಾರೆ. ಬಂದವರು ಕೂತರೋ ಇಲ್ಲವೋ, ಚಿಕ್ಕಮ್ಮ ಕವಳದ ಬಟ್ಟಲಿನ ಜೊತೆ ಹಾಜರು. ತಾನೇ ಎಲೆಗೆ ಸುಣ್ಣ ಹಚ್ಚಿ, ದೊಡ್ಡದೊಂದು ಕವಳ ಕಟ್ಟಿ ಕೈಗಿಡುತ್ತಿದ್ದಳು. ಅದು ಬಾಯಿಗೆ ಹೋಗಿ ಕೆನ್ನೆ ಉಬ್ಬಿದ್ದೇ ತಡ, "ಅಲ್ಲಾಡಡ, ಒಂದೇ ನಿಮಿಷ" ಎಂದು ಹಿಂದಿನಿಂದ ಭುಜ ಹಿಡಿಯುತ್ತಿದ್ದಳು. "ಇದು ಸ್ಕ್ಯಾಪುಲಾ. ಇದು ಕ್ಲಾವಿಕಲ್. ಇಲ್ಲಿ ಕೈ ಒತ್ತಿದ್ರೆ ನೋವಾಗ್ತ?" ಬಂದವರು ಏನು ಹೇಳಿಯಾರು? ಉಗುಳುವುದಕ್ಕೆ ಎದ್ದು ಹೋಗೋಣವೆಂದರೆ ಭುಜ ಅವಳ ಕೈಯಲ್ಲಿ. ನುಂಗೋಣವೆಂದರೆ ತಂಬಾಕು! 'ಊಂ ಊಂ' ಎಂದು ಕಣ್ಣಲ್ಲೇ ನಮ್ಮನೆಯವರನ್ನು ಬೇಡಿಕೊಳ್ಳುತ್ತಾ ಕೂತಿರುತ್ತಿದ್ದರು.

"ನಿನ್ನ ಚಿಕ್ಕಮ್ಮನಿಂದ ನನ್ನ ಕಸುಬು ಮುಳುಗ್ತು ನೋಡು" ಎಂದು ನಮ್ಮನೆಯವರು ನನ್ನ ಮೇಲೆ ಹರಿಹಾಯ್ದರು. ಅವತ್ತೇ ಯಲ್ಲಾಪುರದಿಂದ ಒಬ್ಬ ಮಹನೀಯರು ಬಂದಿದ್ದರು. ಎರಡು ವರ್ಷದಿಂದ ವಿಮೆ ಮಾಡಿಸುತ್ತೇನೆ, ಮಾಡಿಸುತ್ತೇನೆ ಎಂದು ಚಹ ಕುಡಿದು ಹೋಗುವ ಗಿರಾಕಿ. ಚಿಕ್ಕಮ್ಮ ಕವಳ ಕೊಟ್ಟು, ಅವರ ಬೆನ್ನ ಮೇಲೆ ಕೈಯಿಟ್ಟು, ಮೂತ್ರಪಿಂಡ ಎಲ್ಲಿದೆ, ಅಲ್ಲಿ ಕಲ್ಲು ಹೇಗೆ ಕೂರುತ್ತದೆ, ಕೂತದ್ದು ಕೆಳಗೆ ಜಾರುವಾಗ ಗಂಡಸರು ಹೇಗೆ ನೆಲದಲ್ಲಿ ಹೊರಳಾಡುತ್ತಾರೆ ಎಂಬುದನ್ನೆಲ್ಲ ಸವಿಸ್ತಾರವಾಗಿ ಪಾಠ ಒಪ್ಪಿಸಿದಳು. ಆಮೇಲೆ ಶ್ವಾಸಕೋಶಕ್ಕೆ ಬಂದಳು. ಯಕೃತ್ತಿಗೆ ಬರುವಷ್ಟರಲ್ಲಿ ಆ ಮನುಷ್ಯ ಕಿಟಕಿಯಿಂದಲೇ ಉಗುಳಿ, "ಭಟ್ರೇ, ಆ ಫಾರಂ ತನ್ನಿ! ಈಗಲೇ ಸಹಿ ಹಾಕ್ತೆ!" ಎಂದರು.

ಮರುದಿನದಿಂದ ನಮ್ಮನೆಯವರೇ ಪೇಟೆಯಿಂದ ಬರುವಾಗ ಎಳೆ ವೀಳ್ಯದೆಲೆಯ ಕಟ್ಟು ತಂದು ಚಿಕ್ಕಮ್ಮನ ಓದುವ ಮೇಜಿನ ಮೇಲೆ ಇಡತೊಡಗಿದರು.

ಇನ್ನು ಬಿ.ಪಿ. ನೋಡುವ ಉಪಕರಣ ಕೈಗೆ ಬಂದಮೇಲೆ ಕೇಳುವುದೇ ಬೇಡ. ಶನಿವಾರ ಮಧ್ಯಾಹ್ನ ಊರಿಗೆ ಹೋಗುವ ಬಸ್ಸು ಅವಳ ಪ್ರಯೋಗಶಾಲೆಯಾಯಿತು. ಪಕ್ಕದ ಸೀಟಿನವರ ತೋಳಿಗೆ ಪಟ್ಟಿ ಸುತ್ತಿ ಫುಸ್ ಫುಸ್ ಎಂದು ಗಾಳಿ ಹಾಕುತ್ತಿದ್ದಳು. ಬಸ್ಸು ಕುಲುಕುವಾಗ ಬಿ.ಪಿ. ಸರಿಯಾಗಿ ಬರುತ್ತದೆಯೇ? ಒಂದು ಸಲ ದಾರಿಯ ಕೋಲಸಿರ್ಸಿಗೆ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ಬಿ.ಪಿ. ಇದೆ ಎಂದು ತೀರ್ಮಾನವಾಗಿತ್ತು! ಗಾಬರಿಗೊಂಡ ಜನ ಬಸ್ಸು ನಿಲ್ಲಿಸಿ ಇನ್ನೊಮ್ಮೆ ನೋಡು ಎಂದರು. ನಿಂತ ಬಸ್ಸಿನಲ್ಲಿ ಎಲ್ಲರದೂ ಸರಿ ಇತ್ತು. ಕೊನೆಗೆ ಡ್ರೈವರ್ ತಾನೇ ಎದ್ದು ಬಂದು ತೋಳು ಮಡಿಚಿ, "ನಂದೂ ಒಂದ್ಸಲ ನೋಡ್ರಾ ಅಮ್ಮಾ" ಎಂದನಂತೆ. ಬಸ್ಸು ತಡವಾಯಿತೆಂದು ಅವತ್ತು ಯಾರೂ ಬೈಯಲಿಲ್ಲ. ಬೈದರೆ ಬಿ.ಪಿ. ಏರುತ್ತದೆ ಎಂದು ಅಷ್ಟು ಹೊತ್ತಿಗೆ ಅವಳು ಹೇಳಿಯಾಗಿತ್ತು.

ಇಷ್ಟೆಲ್ಲ ಸಾಹಸ ಮಾಡಿದವಳು ಮೊದಲ ಕಿರುಪರೀಕ್ಷೆಯಲ್ಲಿ ರಾಜಾರೋಷವಾಗಿ ಫೇಲಾದಳು! ನಲವತ್ತಕ್ಕೆ ಒಂಬತ್ತು.

ಉತ್ತರಪತ್ರಿಕೆಯನ್ನು ನಾನು ನೋಡಿದೆ. ಪಿತ್ತಕೋಶದ ಬಗ್ಗೆ ಟಿಪ್ಪಣಿ ಬರೆಯಿರಿ ಎಂಬುದು ಪ್ರಶ್ನೆ. ಅದು ಎಲ್ಲಿದೆ, ಹೇಗಿದೆ, ಏನು ಮಾಡುತ್ತದೆ ಎಂಬುದಕ್ಕೆ ಒಟ್ಟು ಮೂರು ಸಾಲು. ಅಲ್ಲಿಂದ ಮುಂದೆ ಎರಡು ಪುಟ ನಿಲ್ಕುಂದದ ಅವಳ ಪಕ್ಕದ ಮನೆಯ ಸೀತಕ್ಕನ ಪಿತ್ತಕೋಶದ ಆಪರೇಷನ್ನು! ಯಾವ ದಿನ ಹೊಟ್ಟೆನೋವು ಶುರುವಾಯಿತು, ಯಾರ ಜೀಪಿನಲ್ಲಿ ಒಯ್ದರು, ತೆಗೆದ ಕಲ್ಲುಗಳನ್ನು ಸೀತಕ್ಕನ ಗಂಡ ಯಾವ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ, ಎಲ್ಲ ಇತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮಾಣಿ ಸರ್ ಬರೆದಿದ್ದರು: 'ಅತ್ತೆ, ಸೀತಕ್ಕ ಸಿಲೆಬಸ್ಸಿನಲ್ಲಿ ಇಲ್ಲ.'

ನಾನು ಹೊಟ್ಟೆ ಹಿಡಿದು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಅವತ್ತು ಶನಿವಾರವಾದರೂ ಊರಿಗೆ ಹೋಗಲಿಲ್ಲ, ರಾತ್ರಿ ಊಟಕ್ಕೂ ಬರಲಿಲ್ಲ. ಕವಳವನ್ನೂ ಹಾಕಲಿಲ್ಲ. "ಪರೀಕ್ಷೆ ಇದೇ ರೀತಿ ಆದ್ರೆ ಮುಗತ್ತು ಕೂಸೇ. ಇನ್ನೊಂದು ಸಲ ಯಂಗೆ ಆಗ್ತಿಲ್ಲೆ" ಎಂದಳು. ಒಂದು ಕಿರುಪರೀಕ್ಷೆಗೆ ಇಷ್ಟು ಯಾಕೆ ಎಂದು ನಾನು ಸಮಾಧಾನ ಹೇಳಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಆದರೆ ಹಾಗೆ ಸೋತು ಕೂರುವ ಜೀವವೇ ಅದು? ಮರುದಿನ ಭಾನುವಾರ. ನಮ್ಮನೆಯವರ ಹಳೇ ಬಿಳಿ ಪಂಚೆಯೊಂದನ್ನು ಜಗಲಿಯಲ್ಲಿ ಹಾಸಿದಳು. ಕಟ್ಟು ಕಟ್ಟು ಎಳೆ ಎಲೆ ತಂದುಕೊಟ್ಟ ತಪ್ಪಿಗೆ ನಮ್ಮನೆಯವರೇ ಅದರ ಮೇಲೆ ಅಂಗಾತ ಮಲಗಬೇಕಾಯಿತು. ಕವಳ ಬಾಯಲ್ಲಿ ಇದ್ದೇ ಇತ್ತು ಬಿಡಿ. ಕಪ್ಪು ಮಾರ್ಕರ್ ಪೆನ್ನಿನಲ್ಲಿ ಅವರ ಸುತ್ತ ಗೆರೆ ಎಳೆದಳು. ಗೆರೆಯ ಒಳಗೆ ಕೆಂಪು ಶಾಯಿಯಲ್ಲಿ ಒಂದೊಂದೇ ಅಂಗ ಬರೆದು, ಅದರ ಮೇಲೆ ನಿಲ್ಕುಂದದ ಒಬ್ಬೊಬ್ಬರ ಹೆಸರು ಬರೆದಳು. ಪಿತ್ತಕೋಶ ಸೀತಕ್ಕನಿಗೆ. ಎಡ ಮೂತ್ರಪಿಂಡ ಕಲ್ಲಿನ ಸುಬ್ರಾಯಣ್ಣನಿಗೆ. ಅಪೆಂಡಿಕ್ಸ್ ನಮ್ಮ ಚಿಕ್ಕಪ್ಪನಿಗೆ. ಸೊಂಟದ ನಾಲ್ಕನೇ ಮತ್ತು ಐದನೇ ಕಶೇರು ಪೂರ್ತಿ ಪರಮೇಶ್ವರಣ್ಣನದೇ ಆಸ್ತಿ. ಕೇರಿಗೆ ಕೇರಿಯೇ ನಮ್ಮನೆಯವರ ಹೊಟ್ಟೆಯೊಳಗೆ ಹೋಗಿ ಕೂತಿತು.

"ಸೀತಕ್ಕ ಇನ್ನು ಪಂಚೆ ಮೇಲೇ ಇರ್ತು, ಉತ್ತರಪತ್ರಿಕೆಗೆ ಬತ್ತಿಲ್ಲೆ. ಅಂಗ ಮರೆತು ಹೋದ್ರೆ ಮನಷರನ್ನ ನೆನಪು ಮಾಡ್ಕತ್ತೆ, ಬರಿಯಕ್ಕಾರೆ ಮನಷರನ್ನ ಬಿಟ್ಟು ಅಂಗ ಬರೀತೆ" ಎಂದಳು.

ಎಲ್ಲ ಅಂಗಕ್ಕೂ ಹೆಸರಿತ್ತು. ಎದೆಯ ನಡುವೆ ಹೃದಯ ಬರೆದಿದ್ದಳು. ನಾಲ್ಕು ಕೋಣೆ, ಕವಾಟ, ಎಲ್ಲ ಚೊಕ್ಕವಾಗಿ. ಅದಕ್ಕೆ ಮಾತ್ರ ಯಾರ ಹೆಸರೂ ಇರಲಿಲ್ಲ. "ಇದು ಯಾರಿಗೆ?" ಎಂದು ಕೇಳಿದೆ. "ಅದು ಖಾಲಿ ಇರ್ಲಿ" ಎಂದು ಪಂಚೆ ಮಡಿಚಿದಳು. ಚಿಕ್ಕಪ್ಪನಿಗೆ ಅಪೆಂಡಿಕ್ಸ್ ಕೊಟ್ಟು ಹೃದಯ ಖಾಲಿ ಬಿಟ್ಟರೆ ಚಿಕ್ಕಪ್ಪ ಬೇಜಾರು ಮಾಡಿಕೊಳ್ಳುವುದಿಲ್ಲವೇ ಎಂದು ನಾನು ಕೀಟಲೆ ಮಾಡಿದೆ. ಅವಳು ಉತ್ತರ ಕೊಡಲಿಲ್ಲ. ಉತ್ತರ ಕೊಡದ ಚಿಕ್ಕಮ್ಮ! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ಪಂಚೆಯ ಮೇಲೆ ಎರಡು ದಿನದ ನಂತರ ಸಾರು ಚೆಲ್ಲಿತು. ತೊಳೆದು ಅಂಗಳದ ತಂತಿಯ ಮೇಲೆ ಒಣಹಾಕಿದೆವು. ಮನುಷ್ಯನ ಆಕಾರ, ಒಳಗೆಲ್ಲ ಕೆಂಪು ಕೆಂಪು ಗುರುತು, ಗುರುತಿಗೊಂದು ಹೆಸರು. ದಾರಿಯಲ್ಲಿ ಹೋಗುವವರು ಏನೆಂದುಕೊಂಡಾರು? ಹಾಲು ಹಾಕುವ ಹೆಂಗಸು ಮೂರು ದಿನ ಗೇಟಿನ ಹೊರಗೇ ಹಾಲಿಟ್ಟು ಹೋದಳು. ನಾಲ್ಕನೇ ದಿನ ಧೈರ್ಯ ಮಾಡಿ, "ಅಕ್ಕೋರೇ, ಅದ್ರಲ್ಲಿ ನನ್ನ ಹೆಸರು ಇಲ್ಲ ತಾನೇ?" ಎಂದು ಕೇಳಿದಳು.

ಅಂತೂ ವಾರ್ಷಿಕ ಪರೀಕ್ಷೆ ಬಂತು. ಬರವಣಿಗೆ ಮುಗಿಯಿತು. ಉಳಿದದ್ದು ಪ್ರಾಕ್ಟಿಕಲ್ಲು ಮತ್ತು ಮೌಖಿಕ. ಪರೀಕ್ಷಕರು ಹೊರಗಿನವರು, ಧಾರವಾಡದ ಕಡೆಯವರಂತೆ. ಮಾಣಿ ಸರ್ ಆಟ ಅಲ್ಲಿ ನಡೆಯುವುದಿಲ್ಲ. ನಾನು ರಜೆ ಹಾಕಿ ಸ್ಕೂಟಿಯಲ್ಲಿ ಅವಳನ್ನು ಕರೆದುಕೊಂಡು ಹೋದೆ. ಕಾಲೇಜಿನ ಗೇಟಿನಲ್ಲಿ ನೋಡುತ್ತೇನೆ, ಬಿಳಿ ಕೋಟಿನ ಜೇಬು ಉಬ್ಬಿದೆ!

"ಎಂತದು ಅದು?"

"ಕವಳದ ಡಬ್ಬಿ. ಪರೀಕ್ಷಕರಿಗೆ ಒಂದು..."

"ಚಿಕ್ಕಮ್ಮಾ! ಕೊಡು ಇಲ್ಲಿ!"

ಕಸಿದುಕೊಂಡೆ. ಅವಳು ಆಯುಧ ಕಳೆದುಕೊಂಡ ಯೋಧನಂತೆ ಒಳಗೆ ಹೋದಳು. ನಾನು ಮೆಟ್ಟಿಲ ಮೇಲೆ ಕೂತೆ. ಒಂದು ಗಂಟೆಯಾಯಿತು, ಒಂದೂವರೆ ಆಯಿತು. ಪರೀಕ್ಷೆ ಅವಳದು, ಅಂಗೈ ಬೆವರಿದ್ದು ನನ್ನದು. ತಡೆಯಲಾರದೆ ಅವಳದೇ ಡಬ್ಬಿ ತೆಗೆದು ದೊಡ್ಡದೊಂದು ಕವಳ ಕಟ್ಟಿ ಬಾಯಿಗೆ ಹಾಕಿಕೊಂಡೆ. ಎರಡು ಸಲ ಅಗಿದಿದ್ದೆನೋ ಇಲ್ಲವೋ, ಚಿಕ್ಕಮ್ಮ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಬಂದವಳೇ ನನ್ನ ಪಕ್ಕ ಕೂತು ನನ್ನ ಮೊಣಕೈ ಹಿಡಿದುಕೊಂಡಳು. ಈ ಸಲ ಮೂಳೆ ಹುಡುಕುವುದಕ್ಕಲ್ಲ.

ನನಗೆ ಕೇಳಬೇಕಾದದ್ದು ನೂರೆಂಟು. ಬಾಯಿ ತುಂಬ ಕವಳ! 'ಊಂ?' ಎಂದೆ.

"ಎಲ್ಲ ಹೇಳ್ದೆ ಕೂಸೇ. ಪಿತ್ತಕೋಶ ಕೇಳಿದ್ರು, ಹೇಳ್ದೆ. ಕಿಡ್ನಿ ಕೇಳಿದ್ರು, ಹೇಳ್ದೆ. 'ಛಲೋ ಓದೀರಿ ಅಕ್ಕಾರ' ಅಂದ್ರು. ಆಮೇಲೆ ಮೇಜಿನ ಮೇಲೆ ಹೃದಯದ ಮಾಡೆಲ್ ತಂದು ಇಟ್ರು. ಕೋಣೆ ಹೇಳ್ದೆ, ಕವಾಟ ಹೇಳ್ದೆ. 'ಈ ಹೃದಯಕ್ಕ ಬಡಕೋ ಅಂತ ಹೇಳಾವ್ರು ಯಾರ್ರಿ? ಅದು ನಿಧಾನ ಆಗೋದು ಹ್ಯಾಂಗ್ರಿ?' ಹೇಳಿ ಕೇಳಿದ್ರು. ಅರ್ಧ ಗೊತ್ತಿತ್ತು. ಉಳಿದರ್ಧ ಊಹೆ ಮಾಡಿ ಹೇಳ್ಲಕ್ಕಿತ್ತು. ಹೇಳ್ಲಾಗ್ದೆ ಹೋತು. 'ಮುಂದಿಂದು ನಂಗೆ ಗೊತ್ತಿಲ್ಲ ಸರ್' ಅಂದೆ."

ಗೊತ್ತಿಲ್ಲ ಅಂದಳೇ! ನನ್ನ ಚಿಕ್ಕಮ್ಮ! ನಾನು ಕಣ್ಣರಳಿಸಿದೆ. ಮಾತಾಡಲು ಹೋದರೆ ತಂಬಾಕಿನ ರಸ ಗಂಟಲಿಗೆ ಇಳಿಯುವ ಹಾಗಿತ್ತು. ಸುಮ್ಮನೆ ಕೇಳಿದೆ. ಜೀವಮಾನದಲ್ಲಿ ಮೊದಲ ಸಲ ನಾನು ಅವಳ ಮಾತಿನ ಮಧ್ಯೆ ಬಾಯಿ ಹಾಕದೆ ಕೇಳಿದ್ದು ಅದೇ. ಮತ್ತು ಆಗಲೇ ಅವಳು ಆ ಖಾಲಿ ಹೃದಯ ಯಾರದೆಂದು ಹೇಳಿದ್ದು.

ಅವಳ ಮನೆಯ ಕೆಳಗಿನ ಗದ್ದೆಯಂಚಿನಲ್ಲಿ ಬಂಗಾರಜ್ಜಿ ಅಂತ ಒಬ್ಬಳಿದ್ದಾಳೆ. ಎಪ್ಪತ್ತರ ಮೇಲೆ ವಯಸ್ಸು, ಇನ್ನೂ ತಾನೇ ಗದ್ದೆಗಿಳಿಯುವ ಜೀವ. ಹೃದಯದ ಬಡಿತಕ್ಕೆಂದು ಡಾಕ್ಟರು ಕೊಟ್ಟ ಮಾತ್ರೆ, ಗ್ಯಾಸಿಗೆಂದು ಕೊಟ್ಟ ಮಾತ್ರೆ, ಎರಡನ್ನೂ ಅವಳು, ಚಿಕ್ಕಮ್ಮ ಕಾಲೇಜಿಗೆ ಸೇರುವ ಮೊದಲಿನ ವರ್ಷ, ಎಂದಿನಂತೆ ಕೊಟ್ಟೆಯಲ್ಲಿ ತಂದು ಜಗಲಿಯಲ್ಲಿ ಸುರಿದಿದ್ದಳು. ಎರಡೂ ಬಿಳಿ, ಎರಡೂ ಸಣ್ಣ. ಅಂಗಡಿಯಲ್ಲಿ ಹಾಳೆಯನ್ನು ಕತ್ತರಿಸಿ ಕೊಟ್ಟಿದ್ದರಿಂದ ಹೆಸರು ಇನ್ನೊಂದು ತುಂಡಿನ ಜೊತೆ ಹೋಗಿತ್ತು. ಗ್ಯಾಸಿನದು ದಿನಕ್ಕೆ ಎರಡು, ಹೃದಯದ್ದು ಒಂದೇ ಎಂದು ಚೀಟಿಯಲ್ಲಿತ್ತು. ಯಾವುದು ಯಾವುದು? ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ಬೆರಳು ತೋರಿಸಿ ಹೇಳಿದಳು. ಅದಲು ಬದಲಾಯಿತು.

ಐದನೇ ದಿನ ಬಂಗಾರಜ್ಜಿ ಗದ್ದೆಯ ಬದುವಿನಲ್ಲಿ ಕುಸಿದು ಬಿದ್ದಳು. ನಾಡಿ ಕೈಗೆ ಸಿಗದಷ್ಟು ನಿಧಾನ. ಸಿದ್ದಾಪುರದ ಆಸ್ಪತ್ರೆಗೆ ಒಯ್ದರು, ಉಳಿದಳು. ಹೀಗೆ ತೆಗೆದುಕೊಳ್ಳಲು ಯಾರು ಹೇಳಿದ್ದು ಎಂದು ಡಾಕ್ಟರು ಗದರಿದಾಗ ಚಿಕ್ಕಮ್ಮ ಅದೇ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬಂಗಾರಜ್ಜಿ ಇವಳನ್ನು ಒಂದು ಸಲ ನೋಡಿ ಡಾಕ್ಟರಿಗೆ ಹೇಳಿದಳಂತೆ: "ಯಾರು ಹೇಳ್ತಾರ್ರಾ? ನಾನೇ ಮರ್ತು ತಗಂಡೆ."

"ಅಷ್ಟೇ ಆಗಿದ್ರೆ ತಡ್ಕತ್ತಿದ್ದೆ ಕೂಸೇ" ಎಂದಳು ಚಿಕ್ಕಮ್ಮ. "ಆಸ್ಪತ್ರೆಯಿಂದ ಮನೆಗೆ ಬಂದ ಮಾರನೇ ದಿನ ಮತ್ತೆ ಬಂತು ಬಂಗಾರಜ್ಜಿ. ಅದೇ ಕೊಟ್ಟೆ ಹಿಡ್ಕಂಡು, ನಮ್ಮನೆ ಜಗಲಿಗೇ. 'ಇದ್ರಲ್ಲಿ ಬೆಳಿಗ್ಗೆದು ಯಾವ್ದ್ರಾ ಅಮ್ಮಾ' ಹೇಳಿ ಯನ್ನನ್ನೇ ಕೇಳ್ತು. ಯನ್ನನ್ನೇ!"

ಅವಳು ಅತ್ತಳು. ನಾನೂ ಅತ್ತೆ. ಬಾಯಲ್ಲಿ ಕವಳ ತುಂಬಿಕೊಂಡು ಅಳುವುದು ಎಂಥ ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು! ಕೆಂಪು ರಸ ಗಲ್ಲಕ್ಕೆ ಇಳಿದು, ನೋಡಿದ ಮಕ್ಕಳು ನನಗೇ ಏನೋ ಆಗಿದೆಯೆಂದು ನೀರಿನ ಬಾಟಲಿ ಹಿಡಿದು ಓಡಿಬಂದವು.

ಪಾಸಾದಳು. ಆ ಪರೀಕ್ಷಕರು ಎಷ್ಟು ಅಂಕ ಕೊಟ್ಟರೋ ನಾನು ಕೇಳಲಿಲ್ಲ. ಎರಡನೇ ವರ್ಷವೂ ದಾಟಿತು. ಈಗ ಸಿದ್ದಾಪುರದ ಒಂದು ಔಷಧಿ ಅಂಗಡಿಯಲ್ಲಿ ತರಬೇತಿ ನಡೆದಿದೆ. ಅದು ಮುಗಿದು, ಉಳಿದ ಕಾಗದಪತ್ರ ಆದರೆ ನಿಲ್ಕುಂದದಲ್ಲಿ ಅಂಗಡಿ. ಜಾಗ ನೋಡಿಯಾಗಿದೆ. ಇಸಳೂರಿನಲ್ಲಿ ನಮ್ಮನೆಯವರ ವಿಮೆ ವ್ಯಾಪಾರ ಮತ್ತೆ ಮಂಕಾಗಿದೆ.

ಕಳೆದ ವಾರ ಅವಳನ್ನು ನೋಡಲು ಹೋಗಿದ್ದೆ. ಗಾಜಿನ ಕೌಂಟರಿನ ಹಿಂದೆ ಬಿಳಿ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಎದುರಿಗೆ ಬೆಳ್ಳಿಕೂದಲ ಒಬ್ಬ ಅಜ್ಜಿ ಕೊಟ್ಟೆ ಸುರಿಯುತ್ತಿದ್ದಳು. ಹೇಳದೆಯೇ ಗುರುತಾಯಿತು, ಬಂಗಾರಜ್ಜಿ! ನಿಲ್ಕುಂದದಿಂದ ಬಸ್ಸು ಹತ್ತಿ, ದಾರಿಯಲ್ಲಿರುವ ಎಲ್ಲ ಔಷಧಿ ಅಂಗಡಿ ದಾಟಿ ಇಲ್ಲಿಗೇ ಬಂದಿದ್ದಳು. ಚಿಕ್ಕಮ್ಮ ಒಂದು ತುಂಡು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೆಸರು ಕತ್ತರಿಸಿ ಹೋಗಿತ್ತು.

"ಇದು ಯಾವ್ದು ಅಂತ ನಂಗೆ ಗೊತ್ತಿಲ್ಲ ಅಜ್ಜಿ. ಆಸ್ಪತ್ರೆಗೆ ಫೋನ್ ಮಾಡಿ ಕೇಳ್ತೀನಿ, ತಡಿ" ಎಂದಳು.

ಬಂಗಾರಜ್ಜಿ ನನ್ನ ಕಡೆ ತಿರುಗಿ ದೂರು ಹೇಳಿದಳು: "ನೋಡ್ರಾ ತಂಗೀ, ಮೊದ್ಲು ನಮ್ಮ ಅಮ್ಮಂಗೆ ಎಲ್ಲ ಗೊತ್ತಿತ್ತು. ಶಿರಸಿಗೆ ಹೋಗಿ ಓದ್ಕಂಡು ಬಂದ್ಮೇಲೆ ಏನ್ ಕೇಳಿದ್ರೂ ಗೊತ್ತಿಲ್ಲ ಅಂತದೆ!"

ಚಿಕ್ಕಮ್ಮ ನಕ್ಕಳು. ಫೋನಿನಲ್ಲಿ ಕೇಳಿದಳು, ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು, ಬರೆದದ್ದನ್ನು ಮತ್ತೆ ಓದಿ ಹೇಳಿ ಆ ಕಡೆಯವರಿಂದ ಹೌದೆನ್ನಿಸಿಕೊಂಡಳು. ಆಮೇಲೆ ಕೌಂಟರಿನಿಂದ ಈಚೆ ಬಂದು ಸ್ಟೂಲಿನ ಮೇಲೆ ಕೂತು, ಬಂಗಾರಜ್ಜಿಯ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ನಾಡಿ ಎಣಿಸತೊಡಗಿದಳು. ಪೂರ್ತಿ ಒಂದು ನಿಮಿಷ.

ಬಂಗಾರಜ್ಜಿಯ ಬಾಯಲ್ಲಿ ಕವಳ ಇರಲಿಲ್ಲ. ಆದರೂ ಅವಳು ಒಂದು ಮಾತೂ ಆಡದೆ, ಕೈ ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದಳು.